ಎಡಗಣ್ಣಿನ ನೀರು

ಸುಧನ್ವ ಹೊಳೆದಂಡೆಯ ಮಠಕ್ಕೆ ಬಂದು ಹೆಗಲ ಚೀಲವನ್ನು ಇನ್ನೂ ಇಳಿಸಿರಲಿಲ್ಲ, ಅಡುಗೆಯ ಕಲ್ಲವ್ವ ಅವನ ಗುರುತು ಹಿಡಿದುಬಿಟ್ಟಳು.

“ಅಯ್ಯ, ನೀವು ಟೀವಿಯಾಗಿನ ಚಿಂಟು ಅಲ್ಲೇನ್ರಿ?”

ಅವನಿಗೆ ಮೂವತ್ತೆರಡು. ಗಡ್ಡ ಬಂದಿತ್ತು, ಕನ್ನಡಕ ಬಂದಿತ್ತು, ನೆತ್ತಿಯ ಕೂದಲು ಹೋಗತೊಡಗಿತ್ತು. ಚಿಂಟು ಮಾತ್ರ ಬಿಟ್ಟು ಹೋಗಿರಲಿಲ್ಲ. ಆರನೇ ವಯಸ್ಸಿನಿಂದ ಹನ್ನೆರಡರವರೆಗೆ ದಿನಾ ಸಂಜೆ ಏಳೂವರೆಗೆ ಮನೆಮನೆಯ ಟೀವಿಯಲ್ಲಿ ಅತ್ತ ಹುಡುಗ ಅವನು. ತಾಯಿಯನ್ನು ಕಳೆದುಕೊಂಡ ಮಗುವಿನ ಪಾತ್ರ. ಆರು ವರ್ಷ ತಾಯಿಯನ್ನು ಹುಡುಕಿದ, ಧಾರಾವಾಹಿಯವರು ಸಿಗಗೊಡಲಿಲ್ಲ.

“ಹೌದಮ್ಮ,” ಅಂದ.

“ಒಂದ ಸಲ ಅತ್ತು ತೋರಸ್ರಿ. ಪುಣ್ಯಾ ಬರ್ತೈತಿ ನಿಮಗ.”

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗಲೂ ಜನ ಇದನ್ನೇ ಕೇಳಿದ್ದರು. ಇಲ್ಲ ಅನ್ನುವುದು ಅವನಿಗೆ ಬರುತ್ತಿರಲಿಲ್ಲ.

ಚೀಲ ಹೆಗಲಲ್ಲೇ ಇತ್ತು. ಕೆಳತುಟಿ ನಡುಗಿಸಿದ. “ಅಮ್ಮಾ, ನನ್ನನ್ನ ಬಿಟ್ಟು ಯಾಕಮ್ಮ ಹೋದೆ?” ಅಂದ. ಎಡಗಣ್ಣಿನಿಂದ ಒಂದು ಹನಿ ಹೊರಟು ಕೆನ್ನೆಯ ಮೇಲೆ ನೆಟ್ಟಗೆ ಇಳಿಯಿತು.

ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಕ್ಕಳು, ರೊಟ್ಟಿ ಹೊತ್ತಿದ ವಾಸನೆ ಬಂದದ್ದೇ ಒಳಗೆ ಓಡಿದಳು.

ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಅವರೇ ನೀಲಗಂಗವ್ವ, ಅವನು ಹುಡುಕಿಕೊಂಡು ಬಂದ ಗುರು. ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಕಂಪನಿ ಬಿಟ್ಟು ಐವತ್ತು ವರ್ಷದಿಂದ ಈ ದಂಡೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. ಮಠದಲ್ಲಿ ಎಲ್ಲರಿಗೂ ಅವರು ಅವ್ವಾರು.

“ಯಾಕ ಅತ್ತಿ?” ಅವ್ವಾರು ಕೇಳಿದರು.

“ಅವರು ಕೇಳಿದ್ರು.”

“ಯಾರು ಕೇಳಿದ್ರೂ ಅಳ್ತೀಯೇನು?”

“ಅಭ್ಯಾಸ ಆಗಿದೆ, ಅವ್ವಾರೇ.”

“ಯಾರೂ ಕೇಳದಿದ್ರ?”

ಸುಧನ್ವ ಚೀಲ ಇಳಿಸಿದ. ಉತ್ತರ ಗೊತ್ತಿದ್ದರೆ ಅವನು ಇಷ್ಟು ದೂರ ಬರುತ್ತಲೇ ಇರಲಿಲ್ಲ.

“ನನಗೆ ಸಂಗೀತ ಗೊತ್ತು,” ಅಂದ. “ಸೋಪಿಗೆ, ಹಪ್ಪಳಕ್ಕೆ, ಎರಡು ಸಿನಿಮಾಕ್ಕೆ ಟ್ಯೂನ್ ಹಾಕಿದ್ದೀನಿ. ಎಲ್ಲ ಚೆನ್ನಾಗಿದೆ ಅಂತಾರೆ. ನನಗೆ ಮಾತ್ರ ಅದರಲ್ಲಿ ನನ್ನದು ಅನ್ನೋದು ಒಂದೂ ಕೇಳಿಸಲ್ಲ.”

“ಈಗೇನ ಬೇಕು?”

“ಕಳೆದ ವರ್ಷ ನನ್ನ ಅಮ್ಮ ತೀರಿಕೊಂಡ್ರು. ಅವತ್ತು ನಾನು ಅತ್ತೆ. ಹಿಂದೆ ನಿಂತಿದ್ದ ಚಿಕ್ಕಮ್ಮ ಪಕ್ಕದವರ ಕಿವಿಯಲ್ಲಿ ‘ಅದೇ ಸೀರಿಯಲ್ ಅಳು ನೋಡಿ’ ಅಂದ್ರು. ನನಗೂ ಹೌದು ಅನ್ನಿಸ್ತು. ಆ ಕ್ಷಣಕ್ಕೆ ಅಳು ನಿಂತಿದ್ದು ಮತ್ತೆ ಬಂದಿಲ್ಲ. ಇನ್ನು ನಾಲ್ಕು ತಿಂಗಳಿಗೆ ಅಮ್ಮನ ವರ್ಷದ ಕಾರ್ಯ. ಅವತ್ತು ಅವರ ಫೋಟೋ ಮುಂದೆ ಒಂದು ಹಾಡು ಹಾಡಬೇಕು. ನಾನೇ ಮಾಡಿದ್ದು, ಸುಳ್ಳಲ್ಲದ್ದು. ಒಂದೇ ಒಂದು ಸಾಕು.”

ಅವ್ವಾರು ಸೊಪ್ಪಿನ ಬುಟ್ಟಿಯನ್ನು ಅವನ ಮುಂದೆ ತಳ್ಳಿದರು.

“ಮೊದಲ ಇದನ್ನ ಸೋಸು.”

ಮರುದಿನ ಬೆಳಗ್ಗೆ ಪಾಠ ಶುರುವಾಯಿತು.

ಅವ್ವಾರು ತಂಬೂರಿ ಹಿಡಿದು ಒಂದು ಸಾಲು ಹಾಡಿದರು. ನಡುವೆ ಗಂಟಲಲ್ಲಿ ಏನೋ ಸಿಕ್ಕಿ ಸಣ್ಣಗೆ ಕೆಮ್ಮಿದರು, ಮುಂದುವರಿಸಿದರು.

ಸಾಲು ಮುಗಿದದ್ದೇ ತಡ, ಸುಧನ್ವ ಹಾಡಿದ. ಒಂದು ಸ್ವರ ಆಚೀಚೆ ಇಲ್ಲ. ಅದೇ ತಿರುವು, ಅದೇ ನಡುಕ. ನಡುವೆ ಸಣ್ಣಗೆ ಕೆಮ್ಮಿದ, ಮುಂದುವರಿಸಿದ.

ಅವ್ವಾರು ತಂಬೂರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಕೆಮ್ಮೂ ಕಲ್ತೀಯಲ್ಲೋ ತಮ್ಮಾ! ಅದನ್ನ ಕಲೀಲಿಕ್ಕೆ ನನಗ ಎಪ್ಪತ್ತೆಂಟ ವರ್ಷ ಹಿಡೀತು.”

ಸುಧನ್ವನ ಮುಖ ಕೆಂಪಾಯಿತು. ಕೆಮ್ಮಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

“ಪ್ರಾಂಪ್ಟಿಂಗ್ ಅವ್ವಾರೇ,” ಅಂದ. “ಶೂಟಿಂಗಲ್ಲಿ ಒಬ್ಬರು ಕ್ಯಾಮೆರಾ ಹಿಂದೆ ನಿಂತು ಡೈಲಾಗ್ ಓದ್ತಿದ್ರು. ಕಿವಿಗೆ ಬಿದ್ದ ಕೂಡಲೇ ನಾವು ಹೇಳಬೇಕು. ಆರು ವರ್ಷದಲ್ಲಿ ಒಂದು ಮಾತನ್ನೂ ಬಾಯಿಪಾಠ ಮಾಡಲಿಲ್ಲ. ಕಿವಿಗೆ ಬಂದದ್ದು ಬಾಯಿಂದ ಹೋಗ್ತಿತ್ತು.”

“ನಡುವ ಎಲ್ಲೂ ನಿಲ್ತಿರಲಿಲ್ಲ?”

“ನಿಲ್ಲೋಕೆ ಟೈಮೇ ಇರ್ತಿರಲಿಲ್ಲ.”

“ನಮ್ಮ ಕಂಪನಿಯೊಳಗೂ ಪರದೆ ಹಿಂದ ಒಬ್ಬಾಂವ ಕುಂದರ್ತಿದ್ದ,” ಅಂದರು ಅವ್ವಾರು. “ಆದ್ರ ಆಂವಗ ಅರ್ಧಾ ಆಟ ನಿದ್ದಿ.”

ಅವತ್ತಿನಿಂದ ಹೊಸ ಕಟ್ಟಳೆ ಬಂತು. ಅವ್ವಾರು ಇವತ್ತು ಹಾಡಿದ್ದನ್ನು ಸುಧನ್ವ ನಾಳೆ ಹಾಡಬೇಕು. ನಡುವೆ ಬಾಯಿ ತೆರೆಯಬಾರದು, ಗುನುಗಬಾರದು. ಫೋನು ಕಲ್ಲವ್ವನ ಜೋಳದ ಡಬ್ಬಿಯೊಳಗೆ ಹೋಯಿತು.

ಮೊದಲ ವಾರ ಅವನಿಗೆ ಅರ್ಧ ಸಾಲೂ ನೆನಪಿರಲಿಲ್ಲ. ಟೀವಿಯ ಮುದ್ದಿನ ಹುಡುಗನಿಗೆ ಇಂಥ ಅವಮಾನ ಹೊಸದು. ನೀರು ಸೇದುವಾಗ, ಅಂಗಳ ಗುಡಿಸುವಾಗ ಹೋದ ಸ್ವರ ಹುಡುಕಿದ. ಎರಡನೇ ವಾರ ಕೆಲವು ಸಿಕ್ಕವು. ಸಿಕ್ಕಂಥವು ಅವ್ವಾರ ಹಾಡಿನ ಹಾಗೆ ಇರಲಿಲ್ಲ, ಸ್ವಲ್ಪ ಸೊಟ್ಟಗಿದ್ದವು. ಅವ್ವಾರು ತಿದ್ದಲಿಲ್ಲ.

ಮೂರನೇ ವಾರ ಇನ್ನೊಂದು ಗುಟ್ಟು ಹೊರಬಿತ್ತು.

ಸುಧನ್ವ ಹಾಡುತ್ತಿದ್ದ. ಎದುರಿಗೆ ಕೂತಿದ್ದ ಅವ್ವಾರು ಎದ್ದು ಅವನ ಬಲಕ್ಕೆ ಹೋಗಿ ಕೂತರು. ಅವನು ಹಾಡುತ್ತಲೇ ಸರಿದು ಎಡಗೆನ್ನೆಯನ್ನು ಅವರ ಕಡೆ ಮಾಡಿದ. ಅವ್ವಾರು ಮತ್ತೆ ಎದ್ದು ಬಲಕ್ಕೆ ಬಂದರು. ಅವನು ಮತ್ತೆ ಸರಿದ. ಹೀಗೆ ಗಾಣದ ಎತ್ತಿನ ಹಾಗೆ ಇಬ್ಬರೂ ಪೂರ್ತಿ ಒಂದು ಸುತ್ತು ಬಂದರು.

“ಬಲಗಡೆ ಏನ ಬ್ಯಾನಿ ಐತಿ?” ಅವ್ವಾರು ಕೇಳಿದರು.

“ಏನಿಲ್ಲ.”

“ಮತ್ತ ಯಾಕ ಮುಚ್ಚಿಡ್ತಿ?”

ಆಗ ಅವನಿಗೆ ಹೊಳೆಯಿತು. “ಕ್ಯಾಮೆರಾ ಯಾವಾಗ್ಲೂ ಎಡಕ್ಕೆ ಇರ್ತಿತ್ತು. ಡೈರೆಕ್ಟರ್ ನನಗೆ ಎಡಗಣ್ಣಲ್ಲಿ ಮಾತ್ರ ಅಳೋದು ಕಲಿಸಿದ್ರು. ಒಂದೇ ಹನಿ, ಅದೂ ಮಾತು ಮುಗಿದ ಮೇಲೆ. ಎರಡು ಕಣ್ಣಲ್ಲೂ ಬಂದ್ರೆ ಕಟ್. ಮೂಗು ಸೋರಿದ್ರೂ ಕಟ್. ಮುಖ ಒರೆಸಿ ಮತ್ತೆ ಮೊದಲಿಂದ.”

“ಆರ ವರ್ಷದ ಕೂಸಿಗೆ?”

“ನಾನು ಬೇಗ ಕಲಿತೆ. ಎಲ್ಲರೂ ಹೊಗಳ್ತಿದ್ರು.”

ಅವ್ವಾರಿಗೆ ಸಿಟ್ಟು ಬಂದಿತ್ತು, ಅದನ್ನು ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ.

ಆಮೇಲೆ ಅವನನ್ನು ದಂಡೆಯ ಕಲ್ಲಿನ ಮೇಲೆ ಹೊಳೆಗೆ ಮುಖ ಮಾಡಿ ಕೂಡಿಸಿದರು. ತಾವು ಅವನ ಬೆನ್ನ ಹಿಂದೆ ಹೋದರು.

“ಇನ್ನ ಮ್ಯಾಲ ನಾ ಇಲ್ಲೇ. ಹಾಡು. ಹೊಳ್ಳಿ ನೋಡಬ್ಯಾಡ.”

ಸುಧನ್ವ ಬಾಯಿ ತೆರೆದ. ದನಿ ಹೊರಡಲಿಲ್ಲ. ಎದುರಿಗೆ ಹೊಳೆ ಮಾತ್ರ ಇತ್ತು, ಅದು ಅವನನ್ನು ನೋಡುತ್ತಿರಲಿಲ್ಲ.

“ಅವ್ವಾರೇ, ಯಾರಾದ್ರೂ ನೋಡ್ತಾ ಇದ್ರೆ ಹಾಡಬಲ್ಲೆ.”

“ನನಗೊತ್ತು.”

“ಹೀಗೆ ಆಗಲ್ಲ.”

“ಅದೂ ಗೊತ್ತು.”

ಒಂಬತ್ತು ದಿನ ಅವನು ಹೊಳೆಯ ಮುಂದೆ ಸುಮ್ಮನೆ ಕೂತ. ಹತ್ತನೇ ದಿನ ಬೇಸರಕ್ಕೆ ಒಂದು ಸ್ವರ ಬಂತು. ಯಾರಿಗೂ ಬೇಡವಾದ ಸ್ವರ. ಅದನ್ನು ಬಿಟ್ಟುಹೋಗಲು ಮನಸ್ಸಾಗದೆ ಹಿಡಿದುಕೊಂಡು ಕೂತ. ಮರುದಿನ ಎರಡು ಬಂದವು.

ಅಷ್ಟಾದರೂ ಒಂದು ಚಟ ಹೋಗಲಿಲ್ಲ. ಹಾಡು ಮುಗಿಸಿ ಕಿವಿ ನಿಮಿರಿಸುತ್ತಿದ್ದ. ಶೂಟಿಂಗಿನಲ್ಲಿ ಡೈರೆಕ್ಟರ್ “ಕಟ್, ಓಕೆ” ಅನ್ನುವ ತನಕ ಅಳು ನಿಲ್ಲಿಸುವಂತಿರಲಿಲ್ಲ. ಆ ಎರಡು ಮಾತು ಕೇಳಿದರೆ ಮಾತ್ರ ಆ ದಿನ ಗೆದ್ದ ಹಾಗೆ.

“ಇವತ್ತು ಹೇಗಿತ್ತು ಅವ್ವಾರೇ?” ಊಟಕ್ಕೆ ಕೂತಾಗ ಕೇಳುತ್ತಿದ್ದ.

“ಪುಂಡಿಪಲ್ಯಾಕ ಉಪ್ಪು ಕಡಿಮಿ.”

“ನನ್ನ ಹಾಡು?”

“ಅದಕ್ಕ ನಾ ಉಪ್ಪು ಹಾಕಿದ್ದಿಲ್ಲಲ್ಲ.”

ಕಲ್ಲವ್ವ ನಗುತ್ತಿದ್ದಳು. ಸುಧನ್ವನಿಗೆ ಅನ್ನ ಸೇರುತ್ತಿರಲಿಲ್ಲ. ಒಳ್ಳೆಯದು ಅನ್ನಲಿ, ಕೆಟ್ಟದ್ದು ಅನ್ನಲಿ, ಏನಾದರೂ ಅನ್ನಬಾರದೇ ಎಂದು ಅವನ ಜೀವ ಒದ್ದಾಡುತ್ತಿತ್ತು.

ವರ್ಷದ ಕಾರ್ಯಕ್ಕೆ ಆರು ವಾರ ಉಳಿದಾಗ ಅವನು ಅಮ್ಮನ ಹಾಡು ಕಟ್ಟಿ ತಂದ. ರಾಗ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಅಮ್ಮ ದೇವತೆ, ಅಮ್ಮ ದೀಪ, ಅಮ್ಮ ಕಡಲು. ಹೊಳೆಗೆ ಮುಖ ಮಾಡಿ ಹಾಡಿದ.

“ಸಾಲ ಸಾಲಿಗೂ ನಿಲ್ತೀಯಲ್ಲ, ಯಾಕ?” ಹಿಂದಿನಿಂದ ಅವ್ವಾರ ದನಿ ಬಂತು.

“ಭಾವ ಇಳೀಲಿ ಅಂತ.”

“ಎಷ್ಟೊತ್ತು ನಿಲ್ತಿ?”

ಸುಧನ್ವ ಮನಸ್ಸಿನಲ್ಲೇ ಎಣಿಸಿದ. ಎಣಿಸುತ್ತಿದ್ದ ಹಾಗೆ ಬೆವತ. ಪ್ರತಿ ಸಾಲಿನ ಕೊನೆಗೂ ಮೂರು ಏಟಿನಷ್ಟು ಬಿಡುವು. ಧಾರಾವಾಹಿಯಲ್ಲಿ ಒಂದು ದೊಡ್ಡ ಮಾತು ಆಡಿದ ಮೇಲೆ ಕ್ಯಾಮೆರಾ ಅತ್ತೆಯ ಮುಖ, ಮಾವನ ಮುಖ, ಅಜ್ಜಿಯ ಮುಖ ಅಂತ ಮೂರು ಮುಖ ತೋರಿಸುತ್ತಿತ್ತು, ಮುಖಕ್ಕೊಂದು ಢಂ. ಅಲ್ಲಿಯ ತನಕ ಚಿಂಟು ಅಲುಗಾಡದೆ ನಿಲ್ಲಬೇಕು.

“ಮೂರು ಮುಖಕ್ಕೆ ಜಾಗ ಬಿಟ್ಟಿದ್ದೀನಿ,” ಅಂದ. ದನಿ ಸಣ್ಣಗಾಗಿತ್ತು.

“ಅದರಾಗ ನಿಮ್ಮ ಅಮ್ಮನ ಮುಖ ಐತೇನು?”

“ಇಲ್ಲ.”

ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮಾತು ತಾನೇ ಹೊರಗೆ ಬಂತು.

“ಅಳೋವಾಗ ಅಮ್ಮನ ಮುಖ ನನಗೆ ಅಲ್ಲಿ ಕಂಡಿದ್ದೇ ಇಲ್ಲ ಅವ್ವಾರೇ. ಆರು ವರ್ಷ ದಿನಾ ನನ್ನ ಜೊತೆ ಬಂದ್ರು. ಕ್ಯಾಮೆರಾ ಹಿಂದೆ ಅವರಿಗೊಂದು ಕುರ್ಚಿ ಹಾಕಿರ್ತಿದ್ರು. ನಗೋ ಸೀನು, ಆಟದ ಸೀನು ಆದ್ರೆ ಕೂತು ನೋಡ್ತಿದ್ರು. ಅಳೋ ಸೀನ್ ಬಂದ್ರೆ ಸಾಕು, ಕುರ್ಚಿ ತಿರುಗಿಸಿ ಗೋಡೆ ಕಡೆ ಮುಖ ಮಾಡಿ ಕೂತ್ಬಿಡ್ತಿದ್ರು. ಲೈಟ್ ಹಿಡಿಯೋರು, ಟೀ ತರೋರು ಎಲ್ಲರೂ ಬಂದು ನಿಂತು ನೋಡ್ತಿದ್ರು. ನನ್ನ ಅಮ್ಮ ಮಾತ್ರ ನೋಡ್ತಿರಲಿಲ್ಲ. ನನ್ನ ಅಳು ಅವರಿಗೆ ಹಿಡಿಸಲ್ಲ ಅಂತ ಅಂದುಕೊಂಡಿದ್ದೆ. ಅದಕ್ಕೇ ಇನ್ನೂ ಚೆನ್ನಾಗಿ ಅಳ್ತಿದ್ದೆ.”

“ಯಾಕ ಹಂಗ ಕುಂದರ್ತಿ ಅಂತ ಕೇಳಲಿಲ್ಲ?”

“ಕೇಳೋಕೆ ಭಯ ಆಗ್ತಿತ್ತು. ಆಮೇಲೆ ಮರೆತೆ. ಆಮೇಲೆ ಅವರೇ ಹೋದ್ರು.”

ಹೊಳೆಯ ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಅವ್ವಾರು ಕೇಳಿದರು.

“ಕುರ್ಚಿ ಯಾವ ಬಣ್ಣದ್ದಿತ್ತು?”

“ಅಂದ್ರೆ?”

“ನಿಮ್ಮ ಅಮ್ಮ ಕುಂತ ಕುರ್ಚಿ.”

“ನೀಲಿ,” ಅಂದ. ಅದು ನೆನಪಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. “ನೀಲಿ ಪ್ಲಾಸ್ಟಿಕ್ಕಿಂದು. ಒಂದು ಕೈ ಸೀಳಿತ್ತು. ಅದಕ್ಕೆ ತಂತಿ ಸುತ್ತಿದ್ರು.”

“ಹೂಂ. ಹೋಗು, ಅದನ್ನ ಹಾಡು.”

“ಕುರ್ಚಿನಾ?”

“ನೀ ಕಂಡಿದ್ದು ಅದನ್ನಲ್ಲೇನು?”

ಸುಧನ್ವ ದೇವತೆಯನ್ನು, ದೀಪವನ್ನು, ಕಡಲನ್ನು ಅಲ್ಲೇ ಬಿಟ್ಟು ಎದ್ದ. ಆರು ವಾರ ಆ ಕುರ್ಚಿಯ ಹಿಂದೆ ಬಿದ್ದ.

ಒಂದೊಂದಾಗಿ ಬಂದವು. ಅಮ್ಮನ ತುರುಬು, ಅದರಲ್ಲಿ ಸಿಕ್ಕಿಸಿದ ಕಪ್ಪು ಪಿನ್ನು. ಕುರ್ಚಿಯ ಬೆನ್ನಿಗೆ ನೇತುಹಾಕಿದ ಅವನ ಸ್ಕೂಲಿನ ಯೂನಿಫಾರ್ಮು, ಶೂಟಿಂಗ್ ಬೇಗ ಮುಗಿದರೆ ಕೊನೆಯ ಎರಡು ಪೀರಿಯಡ್ಡಿಗಾದರೂ ಹೋಗಲಿ ಅಂತ ದಿನಾ ಇಸ್ತ್ರಿ ಮಾಡಿ ತರುತ್ತಿದ್ದದ್ದು. ಹೋದದ್ದು ಎಷ್ಟು ದಿನವೋ. ಸೀನಿನ ನಡುವೆ ಅವನು “ಅಮ್ಮಾ” ಅಂದಾಗಲೆಲ್ಲ ಸೀಳಿದ ಕುರ್ಚಿಯ ಕೈ ಕಿರ್ ಅನ್ನುತ್ತಿತ್ತು. ಮೈಕಿಗೆ ಸದ್ದು ಬರುತ್ತದೆ ಅಂತ ಯಾರೋ ಗದರಿದ್ದರು. ಅದಕ್ಕೇ ತಂತಿ ಸುತ್ತಿದ್ದು. ಸುತ್ತಿದ್ದು ಅಮ್ಮನೇ.

ಇದೆಲ್ಲ ಅವನೊಳಗೆ ಇಪ್ಪತ್ತು ವರ್ಷ ಎಲ್ಲಿ ಕೂತಿತ್ತೋ ದೇವರಿಗೇ ಗೊತ್ತು. ಬಂದದ್ದನ್ನು ತಕ್ಷಣ ಹಾಡಲಿಲ್ಲ. ಒಂದು ದಿನ ಬಾಯಿ ಮುಚ್ಚಿಕೊಂಡು ಇಟ್ಟುಕೊಂಡ, ಮರುದಿನ ಹಾಡಿದ. ಊಟಕ್ಕೆ ಕೂತಾಗ ಹೇಗಿತ್ತು ಅಂತ ಕೇಳುವುದು ಎಂದು ನಿಂತಿತೋ ಅವನಿಗೆ ನೆನಪಿಲ್ಲ. ಕಲ್ಲವ್ವನಿಗೆ ಮಾತ್ರ ನೆನಪಿತ್ತು, ಏಕೆಂದರೆ ಅವತ್ತಿನಿಂದ ಅವನು ಎರಡು ರೊಟ್ಟಿ ಜಾಸ್ತಿ ತಿನ್ನತೊಡಗಿದ್ದ.

ಊರಿಗೆ ಹೊರಡುವ ಹಿಂದಿನ ಬೆಳಗ್ಗೆ ಅವನು ಕಲ್ಲಿನ ಮೇಲೆ ಕೂತ. ಹಿಂದೆ ಅವ್ವಾರು ಬಂದು ಕೂತ ಸದ್ದಾಯಿತು. ಸೊಂಟ ಹಿಡಿದುಕೊಂಡು “ಶಿವನೇ” ಅಂದದ್ದು ಕೇಳಿಸಿತು. ಅಷ್ಟೇ.

ಸುಧನ್ವ ಹಾಡಿದ.

“ನೀಲಿ ಕುರ್ಚಿಯ ಮೇಲೆ ನನ್ನ ಅಮ್ಮನ ಬೆನ್ನು” ಅಂತ ಶುರುವಾಗುತ್ತಿತ್ತು ಹಾಡು. ದೊಡ್ಡ ಹಾಡಲ್ಲ. ಒಂದು ಪಿನ್ನು, ಒಂದು ಯೂನಿಫಾರ್ಮು, ಒಂದು ತಂತಿ. ಎಲ್ಲೂ ಮೂರು ಏಟು ನಿಲ್ಲಲಿಲ್ಲ. ಉಸಿರು ಮುಗಿದ ಕಡೆ ನಿಂತ, ಉಸಿರು ಸಿಕ್ಕ ಕೂಡಲೇ ಮುಂದೆ ಹೋದ.

ತಂತಿಯ ಸಾಲಿಗೆ ಬಂದಾಗ ದನಿ ಒಡೆಯಿತು. ಒಡೆದದ್ದನ್ನು ಜೋಡಿಸಲು ಹೋಗಲಿಲ್ಲ. ಎರಡು ಕಣ್ಣಲ್ಲೂ ನೀರು ಬಂದಿತ್ತು, ಅದಕ್ಕೆ ಮೊದಲೇ ಮೂಗು ಸೋರತೊಡಗಿತ್ತು. ಬಾಯಿ ಸೊಟ್ಟಗಾಗಿತ್ತು. ಯಾವ ಕ್ಯಾಮೆರಾಗೂ ತೋರಿಸುವ ಮುಖ ಅದಾಗಿರಲಿಲ್ಲ. ಮೂಗನ್ನು ಅಂಗಿಯ ತೋಳಿಗೆ ಒರೆಸಿಕೊಂಡು, ಉಳಿದ ಎರಡು ಸಾಲು ಹೇಗೆ ಬಂತೋ ಹಾಗೆ ಹಾಡಿ ಮುಗಿಸಿದ.

ಹೊಳೆ ಹರಿಯುತ್ತಿತ್ತು. ಯಾರೂ ಓಕೆ ಅನ್ನಲಿಲ್ಲ. ತಾನು ಅದಕ್ಕೆ ಕಾದೂ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಆದರೆ ಹಿಂದೆ ಸದ್ದೇ ಇರಲಿಲ್ಲ. ಅವ್ವಾರು ಎದ್ದು ಹೋದರೋ ಏನೋ. ಮೂರು ತಿಂಗಳಲ್ಲಿ ಮೊದಲ ಸಲ ಸುಧನ್ವ ಹೊರಳಿ ನೋಡಿದ.

ಅವ್ವಾರು ಅಲ್ಲೇ ಇದ್ದರು. ಹೊಳೆಗೆ ಬೆನ್ನು ಮಾಡಿ, ಅವನಿಗೂ ಬೆನ್ನು ಮಾಡಿ, ಮಠದ ಗೋಡೆಯ ಕಡೆ ಮುಖ ಹಾಕಿ ಕೂತಿದ್ದರು. ಅವನಿಗೆ ಕಂಡದ್ದು ಒಂದು ಬಿಳಿ ತುರುಬು, ಒಂದು ಬಾಗಿದ ಬೆನ್ನು. ಒಂದು ಕೈ ನೆಲದ ಕಲ್ಲನ್ನು ಗಟ್ಟಿಯಾಗಿ ಹಿಡಿದಿತ್ತು. ಇನ್ನೊಂದು ಕೈಯಲ್ಲಿದ್ದ ಸೆರಗು ಮುಖದ ಮೇಲಿತ್ತು.

“ಅವ್ವಾರೇ,” ಅಂದ ಸುಧನ್ವ, “ಯಾಕೆ ಆ ಕಡೆ ತಿರುಗಿ ಕೂತಿದ್ದೀರಿ?”

ಅವ್ವಾರು ತಿರುಗಲಿಲ್ಲ.

“ಮಗ ಅಳೂದನ್ನ ಯಾವ ತಾಯಿ ನೋಡ್ಕೋಂತ ಕುಂದರ್ತಾಳೋ, ಹುಚ್ಚಪ್ಪಾ?”